ಮೊದಲ ಟರಾಂಟುಲಾ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ

ಕರ್ಲಿ ಹೇರ್. ಇದೇ ನನ್ನ ಉತ್ತರ. ಶಾಸ್ತ್ರೀಯ ಹೆಸರು ಟ್ಲಿಲ್ಟೋಕ್ಯಾಟಲ್ ಆಲ್ಬೋಪಿಲೋಸಸ್, ಹಳೆಯ ಪುಸ್ತಕಗಳಲ್ಲಿ ಬ್ರ್ಯಾಕಿಪೆಲ್ಮಾ ಆಲ್ಬೋಪಿಲೋಸಮ್ ಎಂದಿರುತ್ತದೆ. ನಿಕರಾಗುವಾ, ಕೋಸ್ಟರಿಕಾ ಕಡೆಯ ಜೇಡ. ಕಂದು ಮೈ, ಮೈತುಂಬ ಗುಂಗುರು ಕೂದಲು, ಅವಸರವಿಲ್ಲದ ಸ್ವಭಾವ. ಸಾಕುವವರು ಸಣ್ಣಪುಟ್ಟ ತಪ್ಪು ಮಾಡಿದರೆ ತಡೆದುಕೊಳ್ಳುತ್ತದೆ. ಅದು ಸಿಗದಿದ್ದರೆ ಚಾಕೋ ಗೋಲ್ಡನ್ ನೀ, ಅಂದರೆ ಗ್ರಾಮೋಸ್ಟೋಲಾ ಪಲ್ಕ್ರಿಪೆಸ್. ಅದೂ ಸಿಗದಿದ್ದರೆ ಮೆಕ್ಸಿಕೋದ ರೆಡ್ ನೀ.

ಮೊದಲೆಲ್ಲ ಇಷ್ಟು ಹೇಳಿ ನನ್ನ ದಾರಿ ಹಿಡಿಯುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಕಾರಣ ಒಂದು ಫೋನ್ ಕರೆ, ಹೇಳುತ್ತೇನೆ. ಅದಕ್ಕೂ ಮುಂಚೆ ನೀವು ಕೇಳುವ ರೀತಿಯ ಬಗ್ಗೆ ಮಾತಾಡಬೇಕಿದೆ.

"ಕಚ್ಚದೇ ಇರೋದು ಯಾವುದು?" ಎಲ್ಲವೂ ಕಚ್ಚಬಲ್ಲವು. ಅಮೆರಿಕ ಖಂಡಗಳ ಹೆಚ್ಚಿನ ಜಾತಿಗಳು ಕಚ್ಚಿದರೆ ಜೇನುಹುಳ ಹೊಡೆದಷ್ಟು ನೋವು. ಟರಾಂಟುಲಾ ಕಡಿದು ಮನುಷ್ಯ ಸತ್ತ ಖಚಿತ ದಾಖಲೆ ಇಲ್ಲ. ಆದರೆ ಏಷ್ಯಾ, ಆಫ್ರಿಕಾದವುಗಳ ವಿಷ ಜೋರು, ಓಟವೂ ಜೋರು. ಪೊಯಿಸಿಲೋಥೀರಿಯಾ ಕುಲದ್ದು ಕಚ್ಚಿತೆಂದರೆ ಮಾಂಸಖಂಡ ಹಿಡಿದುಕೊಂಡು ದಿನಗಟ್ಟಲೆ ನರಳಬೇಕಾಗಬಹುದು. ಅಮೆರಿಕದ ಹೆಚ್ಚಿನವುಗಳಿಗೆ ಇನ್ನೊಂದು ಆಯುಧವಿದೆ. ಹಿಂಗಾಲಿನಿಂದ ಹೊಟ್ಟೆಯ ಮೇಲಿನ ಕೂದಲನ್ನು ಕೆರೆದು ಗಾಳಿಗೆ ತೂರುತ್ತವೆ. ಚರ್ಮಕ್ಕೆ ಬಿದ್ದರೆ ನಸುಗುನ್ನಿ ತಾಗಿದ ಹಾಗೆ ತುರಿಕೆ. ಕಣ್ಣಿಗೆ ಬಿದ್ದರೆ ನಾಟಿಕೊಂಡು ಕೂರುತ್ತದೆ, ಕಣ್ಣಿನ ಡಾಕ್ಟರೇ ಬೇಕು. ಡಬ್ಬಿಯೊಳಗೆ ಕೈ ಹಾಕಿದ ಮೇಲೆ ತೊಳೆಯದೆ ಮುಖ ಮುಟ್ಟಬೇಡಿ.

"ಕೈ ಮೇಲೆ ಬಿಟ್ಕೊಳ್ಳೋಕೆ ಯಾವುದು ಒಳ್ಳೇದು?" ನನಗೆ ನಿಜವಾಗಿ ಸಿಟ್ಟು ಬರುವುದು ಈ ಪ್ರಶ್ನೆಗೆ. ನಾಯಿಯ ತಲೆ ಸವರಿದರೆ ನಾಯಿಗೆ ಹಿತ. ಜೇಡಕ್ಕೆ ನಿಮ್ಮ ಅಂಗೈ ಎಂದರೆ ಬಿಸಿಯಾಗಿ ಅಲುಗಾಡುವ ಒಂದು ನೆಲ, ಅಷ್ಟೇ. ಅದು ಅಲ್ಲಿ ಸುಮ್ಮನೆ ನಿಂತಿದ್ದರೆ ನಿಮ್ಮನ್ನು ನಂಬಿದೆ ಎಂದಲ್ಲ, ಎತ್ತ ಓಡಬೇಕೆಂದು ಇನ್ನೂ ತೋಚಿಲ್ಲ ಎಂದು. ಅದು ಓಡಿದರೆ ನೀವು ಬೆಚ್ಚಿ ಕೈ ಕೊಡವುತ್ತೀರಿ. ಟರಾಂಟುಲಾದ ಹೊಟ್ಟೆಯ ಚರ್ಮ ತೀರ ತೆಳು, ಎದೆಮಟ್ಟದಿಂದ ನೆಲಕ್ಕೆ ಬಿದ್ದರೆ ಒಡೆದುಹೋಗುತ್ತದೆ. ನಿಮಗೆ ಸಿಗುವುದು ಒಂದು ಫೋಟೋ, ಅದಕ್ಕೆ ಹೋಗುವುದು ಜೀವ. ಮುಟ್ಟಿ ಮುದ್ದಾಡಬೇಕು ಎನ್ನುವವರು ಬೇರೆ ಪ್ರಾಣಿ ನೋಡಿಕೊಳ್ಳಿ, ದಯವಿಟ್ಟು.

"ನೀಲಿ ಬಣ್ಣದ್ದು ಬೇಕು." ಫೋಟೋದಲ್ಲಿ ನೋಡಿರುತ್ತಾರೆ, ಹೆಚ್ಚಾಗಿ ಅದು ಪೊಯಿಸಿಲೋಥೀರಿಯಾ ಮೆಟಾಲಿಕಾ. ಕಡು ನೀಲಿ, ಕಾಲಿನ ಅಡಿಯಲ್ಲಿ ಹಳದಿ. ಚೆಲುವಿಗೆ ಎರಡು ಮಾತಿಲ್ಲ. 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದಾಗ ಕೈಯಲ್ಲಿದ್ದದ್ದು ಆಂಧ್ರದ ಗುತ್ತಿಯಲ್ಲಿ ಸಿಕ್ಕಿದ ಮಾದರಿ. ಆಮೇಲೆ ನೂರು ವರ್ಷ ಅದರ ಸುಳಿವೇ ಇರಲಿಲ್ಲ. 2001ರಲ್ಲಿ ನಂದ್ಯಾಲ, ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಅದರ ನೆಲೆ ನೂರು ಚದರ ಕಿಲೋಮೀಟರಿನಷ್ಟೂ ಇಲ್ಲ, ಅಳಿವಿನ ತೀರ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಆ ಕುಲಕ್ಕೆ ಕುಲವೇ 2019ರಿಂದ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಬಂದಿದೆ. ಮೆಕ್ಸಿಕೋದ ರೆಡ್ ನೀಗೆ ಆ ರಕ್ಷಣೆ 1985ರಲ್ಲೇ ಸಿಕ್ಕಿತ್ತು, ಸಾಕುವವರಿಗಾಗಿ ಕಾಡಿನಿಂದ ಅಷ್ಟು ಹಿಡಿದು ಸಾಗಿಸಿದ್ದರು. ಆದ್ದರಿಂದ ಮಾರುವವರನ್ನು ಮೊದಲು ಕೇಳಬೇಕಾದದ್ದು, ಇದು ಸಾಕಿದಲ್ಲೇ ಹುಟ್ಟಿದ್ದಾ, ಕಾಡಿನಿಂದ ತಂದದ್ದಾ ಎಂದು. ಉತ್ತರ ತೊದಲಿದರೆ ಎದ್ದು ಬನ್ನಿ. ಕಾನೂನಿನ ಕಾಗದ ಬೇಕಾದಲ್ಲಿ ಅದಿಲ್ಲದೆ ಕೊಳ್ಳಬೇಡಿ.

ಇನ್ನು ಆ ಫೋನ್ ಕರೆಯ ವಿಷಯ.

ಪರಿಚಯದವರೊಬ್ಬರು ಮೆಟ್ಟಿಲು ಇಳಿಯುತ್ತಾ ನನ್ನನ್ನು ಇದೇ ಪ್ರಶ್ನೆ ಕೇಳಿದ್ದರು. ಮಗಳಿಗೆ ಹತ್ತು ವರ್ಷ, ಜೇಡ ಎಂದರೆ ಪ್ರಾಣ ಎಂದರು. ನಾನು ಅವಸರದಲ್ಲಿದ್ದೆ, "ಕರ್ಲಿ ಹೇರ್ ತಗೊಳ್ಳಿ" ಎಂದು ಹೇಳಿ ಹೋದೆ. ನಾಲ್ಕು ತಿಂಗಳಾದ ಮೇಲೆ ಫೋನ್ ಬಂತು.

"ನೀವು ಹೇಳಿದ್ದು ಸತ್ತೋಯ್ತು ಮೇಡಂ. ಎರಡು ವಾರದಿಂದ ಏನೂ ತಿಂದಿರ್ಲಿಲ್ಲ. ಬೆಳಿಗ್ಗೆ ನೋಡಿದ್ರೆ ಅಂಗಾತ ಬಿದ್ದಿತ್ತು. ಮಗಳು ಒಂದೇ ಸಮ ಅಳ್ತಿದಾಳೆ. ಹೂವಿನ ಕುಂಡದಲ್ಲಿ ಮಣ್ಣು ಮಾಡಿದ್ವಿ."

"ಅದರ ಕೆಳಗೆ ಬಿಳಿ ಬಲೆ ಹಾಸಿತ್ತಾ?"

"ಹೌದು, ಬಟ್ಟೆ ಥರ ಇತ್ತು."

"ಕಾಲು ಮಡಚಿಕೊಂಡಿತ್ತಾ, ಚಾಚಿತ್ತಾ?"

"ಚಾಚಿತ್ತು."

"ಈಗಲೇ ತೆಗೀರಿ."

ತೆಗೆದರು. ಬೆನ್ನಿನ ಚಿಪ್ಪು ಅಂಚಿನಲ್ಲಿ ಬಿಟ್ಟುಕೊಂಡಿತ್ತಂತೆ, ಮುಂದಿನ ಎರಡು ಕಾಲು ಅರ್ಧ ಹೊರಗೆ ಬಂದಿದ್ದವಂತೆ. ಆ ಎಳೆಯ ಬಿಳಿ ಚರ್ಮಕ್ಕೆಲ್ಲ ಮಣ್ಣು. ಅಷ್ಟರಲ್ಲಿ ನಿಜವಾಗಿಯೂ ಸತ್ತಿತ್ತು. "ಮೊದಲೇ ಒಂದು ಮಾತು ಹೇಳಬಾರದಿತ್ತಾ?" ಎಂದರು. ನೀವು ಕೇಳಿದ್ದು ಯಾವುದು ತಗೊಳ್ಳಲಿ ಅಂತ ಮಾತ್ರ, ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರು ಕೇಳಲಿಲ್ಲ, ಮಾರಿದವರು ಹೇಳಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ, ನಾನೂ ಹೇಳಲಿಲ್ಲ.

ಹಾಗಾಗಿ ಈಗ ಕೇಳಿಸಿಕೊಳ್ಳಿ. ಟರಾಂಟುಲಾ ಬೆಳೆಯುವುದು ಪೊರೆ ಕಳಚಿ. ಅದಕ್ಕೆ ಮುಂಚೆ ದಿನಗಟ್ಟಲೆ, ದೊಡ್ಡದಾದರೆ ತಿಂಗಳುಗಟ್ಟಲೆ ಊಟ ಬಿಡುತ್ತದೆ. ಕೂದಲು ಉದುರಿದ ಬೋಳು ಹೊಟ್ಟೆ ಕಪ್ಪಾಗುತ್ತದೆ. ಬಲೆ ಹಾಸಿ ಅಂಗಾತ ಮಲಗಿತು ಎಂದರೆ ಪೊರೆ ಬಿಡುತ್ತಿದೆ. ಸಾಯುವ ಜೇಡ ಸಾಮಾನ್ಯವಾಗಿ ಅಂಗಾತ ಬೀಳುವುದಿಲ್ಲ, ಕವುಚಿಕೊಂಡು ಕಾಲುಗಳನ್ನೆಲ್ಲ ಹೊಟ್ಟೆಯಡಿಗೆ ಮುದುರಿಕೊಳ್ಳುತ್ತದೆ. ಅಂಗಾತ ಮಲಗಿದ್ದನ್ನು ಮುಟ್ಟಬೇಡಿ, ತಿರುಗಿಸಬೇಡಿ, ನೀರು ಚಿಮುಕಿಸಬೇಡಿ. ತಿನ್ನಲು ಹಾಕಿದ ಹುಳು ಒಳಗಿದ್ದರೆ, ಜೇಡ ಮಲಗುವ ಮುಂಚೆಯೇ ತೆಗೆದಿರಬೇಕು, ಮೆತ್ತಗಿರುವ ಜೇಡವನ್ನು ಹುಳುವೇ ಕಡಿದು ಕೊಲ್ಲುತ್ತದೆ.

"ಯಾವುದು" ಎನ್ನುವುದಕ್ಕಿಂತ "ಎಷ್ಟು ವರ್ಷ" ಎಂದು ಯಾರಾದರೂ ಕೇಳಲಿ ಎಂದು ನನಗೆ ಬಹಳ ಆಸೆ. ಆ ಒಂದು ಪ್ರಶ್ನೆಯಲ್ಲಿ ಕೊಳ್ಳುವವರಿಗೆ ಬೇಕಾದದ್ದು ಮುಕ್ಕಾಲು ಪಾಲು ಇದೆ. ಕರ್ಲಿ ಹೇರ್ ಹೆಣ್ಣು ಇಪ್ಪತ್ತು ವರ್ಷ ಬದುಕಬಹುದು, ರೆಡ್ ನೀ ಹೆಣ್ಣು ಇಪ್ಪತ್ತೈದು ದಾಟುವುದುಂಟು. ಹತ್ತು ವರ್ಷದ ಹುಡುಗಿಗೆ ಕೊಡಿಸಿದರೆ ಅವಳು ಮೂವತ್ತಾಗುವವರೆಗೂ ಇರುತ್ತದೆ ಎಂದು ಲೆಕ್ಕ ಹಾಕಿ. ಗಂಡು ಹಾಗಲ್ಲ. ಕೊನೆಯ ಪೊರೆ ಬಿಟ್ಟು ಪ್ರಾಯಕ್ಕೆ ಬಂದ ಮೇಲೆ ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ. ದೊಡ್ಡದಾಗಿ, ಉದ್ದ ಕಾಲಿನದಾಗಿ ಕಣ್ಣಿಗೆ ಹೊಡೆಯುವ ಗಂಡನ್ನು ತೋರಿಸಿ "ಪೂರ್ತಿ ಬೆಳೆದಿದೆ" ಎಂದು ಮಾರುವವರಿದ್ದಾರೆ, ಅವರ ಮಾತು ಸುಳ್ಳೂ ಅಲ್ಲ. ಬಾಯಿಯ ಪಕ್ಕದ ಎರಡು ಚಿಕ್ಕ ಕೈಗಳ ತುದಿ ಬಾಕ್ಸಿಂಗ್ ಗವಸಿನಂತೆ ಉಬ್ಬಿದ್ದರೆ, ಹಲವು ಜಾತಿಗಳಲ್ಲಿ ಮುಂಗಾಲಿನ ಒಳಬದಿಗೆ ಕೊಕ್ಕೆ ಇದ್ದರೆ, ಅದು ಪ್ರಾಯದ ಗಂಡು. ಬಿಟ್ಟುಬಿಡಿ.

ಉಗುರಿನಷ್ಟಿರುವ ಮರಿ ಅಗ್ಗ, ಆದರೆ ಬೇಗ ಒಣಗಿ ಸಾಯುತ್ತದೆ. ಹೊಸಬರಿಗೆ ಕಾಲು ಚಾಚಿದಾಗ ಐದಾರು ಸೆಂಟಿಮೀಟರ್ ಇರುವ ಎಳೆಯದು ಸರಿ. ಹೊಟ್ಟೆ ತುಂಬಿಕೊಂಡಿರಬೇಕು, ಕಾಲು ಹರಡಿ ನಿಂತಿರಬೇಕು. ಒಂದು ಕಾಲು ಇಲ್ಲದಿದ್ದರೆ ಚಿಂತೆಯಿಲ್ಲ, ಪೊರೆ ಬಿಡುತ್ತಾ ಮತ್ತೆ ಬೆಳೆಯುತ್ತದೆ. ಶಾಸ್ತ್ರೀಯ ಹೆಸರು ಬರೆಸಿಕೊಳ್ಳಿ, ಒಂದೇ ಅಡ್ಡಹೆಸರಿನಲ್ಲಿ ಬೇರೆ ಬೇರೆ ಜಾತಿ ಮಾರುತ್ತಾರೆ.

ಡಬ್ಬಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಣಗಿದ ಕೋಕೋಪೀಟ್ ದಪ್ಪಗೆ ತುಂಬಿ, ಅಡಗಲು ಒಂದು ಮರದ ತೊಗಟೆ, ಒಂದು ನೀರಿನ ಬಟ್ಟಲು. ಮಣ್ಣಿನಿಂದ ಮುಚ್ಚಳಕ್ಕೆ ಇರುವ ಎತ್ತರ ಜೇಡ ಕಾಲು ಚಾಚಿದಾಗಿನ ಅಳತೆಯ ಒಂದೂವರೆ ಪಟ್ಟು ಮೀರದಿರಲಿ. ತಂತಿಬಲೆಯ ಮುಚ್ಚಳ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಬಿಸಿ ದೀಪ ಬೇಡ. ಜೊತೆಗೆ ಇನ್ನೊಂದು ಜೇಡ ಬೇಡವೇ ಬೇಡ, ತಿಂದುಹಾಕುತ್ತದೆ. ವಾರಕ್ಕೊಂದು ಜಿರಲೆ, ಜೇಡದ ಹೊಟ್ಟೆಗಿಂತ ದೊಡ್ಡದಲ್ಲದ್ದು. ಮನೆಯಲ್ಲಿ ಓಡಾಡುವ ಜಿರಲೆ ಹಿಡಿದು ಹಾಕಬೇಡಿ, ಅದು ಯಾವ ಔಷಧಿ ತಿಂದಿರುತ್ತದೋ.

ಆ ಹುಡುಗಿ ಮತ್ತೆ ಜೇಡ ಬೇಕೆಂದು ಕೇಳಲಿಲ್ಲ. ಕೇಳಿದ್ದು ಬೇರೆ. "ಪೊರೆ ಬಿಡೋದನ್ನ ನಾನು ನೋಡ್ಬಹುದಾ ಆಂಟಿ?" ನನ್ನ ದೊಡ್ಡ ಹೆಣ್ಣು ಬಲೆ ಹಾಸಿದ ದಿನ ಫೋನ್ ಮಾಡಿದೆ. ಅಪ್ಪನ ಜೊತೆ ಬಂದಳು. ಮುಚ್ಚಳ ತೆಗೆಯದೆ, ಮೇಜು ಅಲುಗಿಸದೆ, ಮೂರೂವರೆ ಗಂಟೆ ಕೂತಿದ್ದಳು. ಬೆನ್ನಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ಬಿಟ್ಟುಕೊಂಡಿತು. ಆಮೇಲೆ ಎಂಟೂ ಕಾಲುಗಳು ಒಟ್ಟಿಗೆ, ಒದ್ದೆ ಗವಸಿನಿಂದ ಬೆರಳು ಎಳೆದುಕೊಂಡ ಹಾಗೆ, ಒಂದಿಷ್ಟು ಎಳೆಯುವುದು, ನಿಲ್ಲುವುದು, ಮತ್ತೆ ಒಂದಿಷ್ಟು. ಹೊರಬಂದ ಮೇಲೆ ಹಳೆಯ ಮೈ ಪಕ್ಕದಲ್ಲಿ ಇನ್ನೊಂದು ಜೇಡದ ಹಾಗೇ ಬಿದ್ದಿತ್ತು.

"ಹಲ್ಲು ಬೆಳ್ಳಗಿದೆ," ಎಂದು ಪಿಸುಗುಟ್ಟಿದಳು. ಹೌದು, ಹೊಸ ಹಲ್ಲು ಬೆಳ್ಳಗೆ, ಮೆತ್ತಗೆ ಇರುತ್ತದೆ, ಆಮೇಲೆ ಕೆಂಪಾಗಿ, ಕಪ್ಪಾಗುತ್ತದೆ, ಕಪ್ಪಾಗಿ ಗಟ್ಟಿಯಾಗುವವರೆಗೂ ಊಟ ಕೊಡಬಾರದು ಎಂದೆ.

ಐದನೇ ದಿನ ಅವಳೇ ಫೋನ್ ಮಾಡಿದಳು. "ಕಪ್ಪಾಯ್ತಾ ಆಂಟಿ?"

"ಇನ್ನೂ ಇಲ್ಲ ಪುಟ್ಟಿ. ಕೆಂಪಗಿದೆ."