ಅಲ್ಲಿ ಟೀಚರಿಗೆ ಎಷ್ಟು ಕೊಡ್ತಾರೆ? ತಗೊಳ್ಳಿ, ಉತ್ತರ

ನಾನು ಯುಎಇಯಲ್ಲಿ ಟೀಚರ್ ಅಂತ ಗೊತ್ತಾದವರೆಲ್ಲ ಕೇಳುವುದು ಇದೊಂದೇ. ಮೊದಲು ಉತ್ತರ. ಆಮೇಲೆ ಜಗಳ.

ಶಾರ್ಜಾ, ದುಬೈ, ಅಜ್ಮಾನ್ ಕಡೆಯ ಸಿಬಿಎಸ್‌ಇ ಶಾಲೆಗಳಲ್ಲಿ ಎಂಎಸ್ಸಿ, ಬಿ.ಎಡ್. ಆಗಿ ಒಂದಿಷ್ಟು ವರ್ಷ ಪಾಠ ಮಾಡಿದವರಿಗೆ ತಿಂಗಳಿಗೆ ಸುಮಾರು 3,500ರಿಂದ 6,000 ದಿರ್ಹಂ. ಬ್ರಿಟಿಷ್ ಪಠ್ಯಕ್ರಮದ ಶಾಲೆಯಾದರೆ 10,000 ದಾಟುತ್ತದೆ. ಆದರೆ ಅವರು ಮೊದಲು ಕೇಳುವುದು ಆ ಪಠ್ಯಕ್ರಮ ಕಲಿಸಿದ ಅನುಭವವನ್ನು. ಬಿಎಸ್ಸಿ ಮಾತ್ರ ಆಗಿದೆ ಅನ್ನುವವರು ಮೊದಲು ಬಿ.ಎಡ್. ಮುಗಿಸಿ. ಇಂಗ್ಲೆಂಡೇ ಬೇಕು ಅನ್ನುವವರಿಗೆ ಒಂದು ಮಾತು: 2023ರ ಫೆಬ್ರವರಿಯಿಂದ ಭಾರತದಲ್ಲಿ ತರಬೇತಿ ಪಡೆದ ವಿಜ್ಞಾನ, ಗಣಿತ ಶಿಕ್ಷಕರೂ ಅಲ್ಲಿಯ ಶಿಕ್ಷಕ ಅರ್ಹತೆಗೆ ಅರ್ಜಿ ಹಾಕಬಹುದು. ಅರ್ಹತೆ ಸಿಕ್ಕವರಿಗೆ ಲಂಡನ್ ಹೊರಗೆ ಶುರುವಿನ ಸಂಬಳ, 2025ರ ಸೆಪ್ಟೆಂಬರಿನ ಲೆಕ್ಕದಲ್ಲಿ, ವರ್ಷಕ್ಕೆ 32,916 ಪೌಂಡ್. ಅದರಲ್ಲಿ ತೆರಿಗೆ ಹೋಗುತ್ತೆ. ನಾನಿರುವುದು ಶಾರ್ಜಾದಲ್ಲಿ, ಕಲಿಸುವುದು ಕೆಮಿಸ್ಟ್ರಿ. ಹಾಗಾಗಿ ಮುಂದಿನದೆಲ್ಲ ಇಲ್ಲಿಯ ಮಾತು.

ಉತ್ತರ ಸಿಕ್ಕಿತಲ್ಲ. ಈಗ ನೀವು ಫೋನ್ ತೆಗೆದು ಗುಣಿಸುತ್ತೀರಿ. ಎಲ್ಲರೂ ಗುಣಿಸುತ್ತಾರೆ.

ದಾವಣಗೆರೆಯಲ್ಲಿ ನಮ್ಮ ಅತ್ತೆ ಕಡೆಯವರ ಗೃಹಪ್ರವೇಶ. ಊಟಕ್ಕೆ ಕೂತಿದ್ದೇವೆ. ಎಲೆಗೆ ಹೋಳಿಗೆ ಬಿದ್ದಿದೆ, ತುಪ್ಪದವನು ಇನ್ನೂ ಆ ತುದಿಯಲ್ಲಿದ್ದಾನೆ. ಪಕ್ಕದಲ್ಲಿ ನಮ್ಮೆಜಮಾನರ ದೊಡ್ಡಪ್ಪ. "ತಿಂಗ್ಳಿಗೆ ಎಷ್ಟ್ ಬರ್ತತವ್ವಾ?" ಅಂದರು. ಹೇಳಿದೆ. ಎಡಗೈಯಲ್ಲೇ ಫೋನ್ ತೆಗೆದರು. ದಿರ್ಹಂಗೆ ಎಷ್ಟು ರೂಪಾಯಿ ಅಂತ ಎದುರು ಸಾಲಿನ ಹುಡುಗನನ್ನು ಕೂಗಿ ಕೇಳಿದರು. ಗುಣಿಸಿದರು. "ಲಕ್ಷ ದಾಟ್ತಲ್ಲವ್ವಾ!" ಅಂತ ಇಡೀ ಪಂಕ್ತಿಗೆ ಸಾರಿದರು. ಆಮೇಲೆ ಧ್ವನಿ ಇಳಿಸಿ, "ಮತ್ತೆ ಒಂದು ಸೈಟೂ ಮಾಡಿಲ್ಲಲ್ಲ, ಯಾಕೆ?" ಅಂದರು. ಅಷ್ಟರಲ್ಲಿ ತುಪ್ಪದವನು ನನ್ನನ್ನು ದಾಟಿ ಹೋಗಿಬಿಟ್ಟಿದ್ದ.

ದೊಡ್ಡಪ್ಪಾ, ಆವತ್ತು ಬಾಯಲ್ಲಿ ಹೋಳಿಗೆ ಇತ್ತು. ಇವತ್ತು ಹೇಳುತ್ತೇನೆ.

ದಿರ್ಹಂ ಅನ್ನುವುದು 1997ರಿಂದ ಡಾಲರ್‌ಗೆ ಕಟ್ಟಿಹಾಕಿದ ದುಡ್ಡು. ಒಂದು ಡಾಲರ್‌ಗೆ 3.6725, ಅದು ಅಲ್ಲಾಡಲ್ಲ. ಅಲ್ಲಾಡುವುದು ನಮ್ಮ ರೂಪಾಯಿ. ರೂಪಾಯಿ ಬಿದ್ದಾಗಲೆಲ್ಲ ಊರಿಂದ "ನಿಂಗೆ ಒಳ್ಳೇದಾಯ್ತು ಬಿಡು" ಅಂತ ಫೋನ್ ಬರುತ್ತೆ. ಊರಿಗೆ ಕಳಿಸುವ ದುಡ್ಡಿಗೆ ಒಳ್ಳೇದು, ಒಪ್ಪಿದೆ. ಆದರೆ ನಾನು ಟೊಮ್ಯಾಟೊ ತರುವುದು ದಿರ್ಹಂ ಕೊಟ್ಟು. ಶಾರ್ಜಾದಲ್ಲಿ ಒಂದು ಬೆಡ್‌ರೂಮಿನ ಸಾಧಾರಣ ಮನೆಗೆ ವರ್ಷಕ್ಕೆ 35,000 ದಿರ್ಹಂ ಹತ್ತಿರ ಬರುತ್ತೆ. ಅದಕ್ಕೆ ಮುಂದಿನ ತಾರೀಖಿನ ಚೆಕ್‌ಗಳನ್ನು ಮೊದಲೇ ಬರೆದು ಕೊಡಬೇಕು. ಗಂಡ ಹೆಂಡತಿ ಇಬ್ಬರೂ ದುಡಿದರೆ ಹೇಗೋ ಆಗುತ್ತೆ. ಒಬ್ಬರೇ ಬಂದವರು ನಾಲ್ಕೈದು ಜನ ಸೇರಿ ಒಂದು ಫ್ಲಾಟ್ ಹಿಡಿಯುತ್ತಾರೆ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಬಾಡಿಗೆ ಚೆಕ್ ಪಾಸಾದ ದಿನ ಆ ಖುಷಿ ನೆನಪಿಗೆ ಬರಲ್ಲ, ಅಷ್ಟೇ.

ಇನ್ನೊಂದು. ನಿಮ್ಮ ಡಿಗ್ರಿ ನೋಡಿ ಇಲ್ಲಿ ಸಂಬಳ ನಿಗದಿಯಾಗಲ್ಲ. ಮಕ್ಕಳ ಫೀ ನೋಡಿ ಆಗುತ್ತೆ. ವರ್ಷಕ್ಕೆ ಆರೇಳು ಸಾವಿರ ದಿರ್ಹಂ ಫೀ ಇರುವ ಶಾಲೆಯೂ ಇದೆ, ಎಂಬತ್ತು ಸಾವಿರದ್ದೂ ಇದೆ. ಎರಡರಲ್ಲೂ ಕಲಿಸುವುದು ಅದೇ ಪೀರಿಯಾಡಿಕ್ ಟೇಬಲ್. ಕಡಿಮೆ ಫೀ ಶಾಲೆಗೆ ಬರುವವರು ಅಂಗಡಿಯಲ್ಲಿ, ಗೋಡೌನಿನಲ್ಲಿ, ಸಣ್ಣ ಆಫೀಸಿನಲ್ಲಿ ದುಡಿಯುವವರ ಮಕ್ಕಳು. ಮಂಗಳೂರು, ಭಟ್ಕಳ, ಕಾಸರಗೋಡು ಕಡೆಯ ನಮ್ಮವರೇ ಎಷ್ಟೋ ಜನ ಇದ್ದಾರೆ. ಆ ಅಪ್ಪಂದಿರ ಜೇಬಿನಿಂದಲೇ ನನ್ನ ಸಂಬಳ ಬರಬೇಕು. ಫೀ ತಡವಾದ ಹುಡುಗನ ಅಪ್ಪ ಪೇರೆಂಟ್ಸ್ ಮೀಟಿಂಗಿನಲ್ಲಿ ಎದುರು ಕೂತಾಗ "ನನಗೆ ಇನ್ನೂ ಜಾಸ್ತಿ ಸಂಬಳ ಬೇಕು" ಅಂತ ಜೋರಾಗಿ ಅಂದುಕೊಳ್ಳುವುದು ಕಷ್ಟ.

ಮೆಸೇಜ್ ಮಾಡುವ ಹುಡುಗರದು ಬೇರೆ ಕಥೆ. "ಬಿಎಸ್ಸಿ ಆಯ್ತು ಮೇಡಂ, ಬೇರೆ ಏನೂ ಸಿಗ್ತಿಲ್ಲ, ಟೀಚಿಂಗ್ ಆದ್ರೂ ಪರವಾಗಿಲ್ಲ. ಎಷ್ಟು ಎಕ್ಸ್‌ಪೆಕ್ಟ್ ಮಾಡ್ಬಹುದು?" ಯಾವ ವಿಷಯ, ಯಾವ ಕ್ಲಾಸು, ಏನೂ ಇರಲ್ಲ. ಪರವಾಗಿಲ್ಲವಂತೆ! ವಾರಕ್ಕೆ ಇಪ್ಪತ್ತೇಳು ಇಪ್ಪತ್ತೆಂಟು ಪೀರಿಯಡ್, ರಜೆ ಹಾಕಿದವರ ಕ್ಲಾಸು ಬೇರೆ, ಹಿಂದಿನ ಬೆಂಚಲ್ಲಿ ಟ್ಯಾಬ್ಲೆಟ್ ಹಿಡಿದು ಕೂತ ಇನ್ಸ್‌ಪೆಕ್ಟರ್. ಬಂದು ನೋಡಪ್ಪ, ಆಮೇಲೆ ಪರವಾಗಿಲ್ಲ ಅನ್ನು.

"ಅಲ್ಲಿ ಏನು ಪಾಠ ಮಾಡ್ತೀಯ?" ಅಂತ ಒಬ್ಬರಾದರೂ ಕೇಳಲಿ ಅಂತ ನನಗೆ ಆಸೆ. ಕೇಳಿಲ್ಲ, ಆದರೂ ಹೇಳುತ್ತೇನೆ. ಹನ್ನೆರಡನೇ ಕ್ಲಾಸಿನ ಪ್ರಾಕ್ಟಿಕಲ್‌ನಲ್ಲಿ ಸಾಲ್ಟ್ ಅನಾಲಿಸಿಸ್‌ಗೆ, ಅಂದರೆ ಕೊಟ್ಟ ಲವಣದಲ್ಲಿ ಏನೇನಿದೆ ಅಂತ ಪತ್ತೆ ಮಾಡುವುದಕ್ಕೆ, 8 ಅಂಕ. ನೈಟ್ರೇಟ್ ಇದೆಯಾ ಅಂತ ನೋಡಬೇಕಾದರೆ ದ್ರಾವಣಕ್ಕೆ ಆಗಷ್ಟೇ ಮಾಡಿದ ಫೆರಸ್ ಸಲ್ಫೇಟ್ ಹಾಕಿ, ಟೆಸ್ಟ್ ಟ್ಯೂಬನ್ನು ಓರೆ ಹಿಡಿದು, ಗಟ್ಟಿ ಸಲ್ಫ್ಯೂರಿಕ್ ಆಸಿಡ್ಡನ್ನು ಒಳಗೋಡೆಗುಂಟ ಮೆಲ್ಲಗೆ ಇಳಿಸಬೇಕು. ಆಸಿಡ್ ಭಾರ, ತಳಕ್ಕೆ ಹೋಗಿ ಕೂರುತ್ತೆ. ಎರಡೂ ಸೇರುವ ಜಾಗದಲ್ಲಿ ಕಂದು ಬಣ್ಣದ ಉಂಗುರ ಮೂಡುತ್ತೆ. ಕೈ ಅಲ್ಲಾಡಿದರೆ ಉಂಗುರ ಹೋಯ್ತು. ಊರಲ್ಲಿ ನಾನು ಇದನ್ನು ಮೇಜಿನ ಮುಂದೆ ನಿಂತು ಒಬ್ಬಳೇ ಮಾಡಿ ತೋರಿಸುತ್ತಿದ್ದೆ, ಹಿಂದಿನ ಸಾಲಿನವರು "ಕಾಣ್ತಿಲ್ಲ ಮಿಸ್" ಅನ್ನುತ್ತಿದ್ದರು. ಇಲ್ಲಿ ಪ್ರತಿ ಹುಡುಗನ ಕೈಯಲ್ಲೂ ಒಂದು ಟ್ಯೂಬು. ಅವಸರದವನು ಅಲ್ಲಾಡಿಸಿ ಕೆಡಿಸಿಕೊಂಡರೆ ಮತ್ತೆ ಮಾಡು ಅನ್ನಬಹುದು, ಮತ್ತೆ ಮಾಡುವಷ್ಟು ಸಾಮಾನು ಇದೆ. ಸಂಬಳದ ಲೆಕ್ಕದಲ್ಲಿ ನಾನು ಇದನ್ನೂ ಸೇರಿಸಿಕೊಳ್ಳುತ್ತೇನೆ. ದೊಡ್ಡಪ್ಪನ ಫೋನಿನಲ್ಲಿ ಇದಕ್ಕೆ ಬಟನ್ ಇಲ್ಲ.

ಸರಿ, ದುಡ್ಡಿಗೆ ಬರೋಣ, ನೀವು ಬಿಡಲ್ಲ. ಆಫರ್ ಲೆಟರ್‌ನಲ್ಲಿ ಒಟ್ಟು ಮೊತ್ತ ನೋಡಿ ಕುಣಿಯಬೇಡಿ. ಬೇಸಿಕ್, ಅಂದರೆ ಭತ್ಯೆಗಳು ಸೇರದ ಮೂಲ ಸಂಬಳ, ಎಷ್ಟು ಅಂತ ನೋಡಿ. ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್; ಆಮೇಲಿನ ವರ್ಷಗಳಿಗೆ 30 ದಿನದ್ದು. ಒಟ್ಟು 5,000 ಅಂತಲೇ ಇಟ್ಟುಕೊಳ್ಳಿ. ಬೇಸಿಕ್ 2,000 ಇದ್ದವರು ಐದು ವರ್ಷಕ್ಕೆ 7,000 ದಿರ್ಹಂ ತಗೊಂಡು ಹೋಗುತ್ತಾರೆ, 4,000 ಇದ್ದವರು 14,000. ಅದರ ಜೊತೆಗೆ ನಿಮ್ಮ ಮಕ್ಕಳಿಗೆ ಫೀಯಲ್ಲಿ ರಿಯಾಯಿತಿ ಇದೆಯಾ, ಊರಿಗೆ ಹೋಗುವ ಟಿಕೆಟ್ ವರ್ಷಕ್ಕೊಮ್ಮೆಯಾ ಎರಡು ವರ್ಷಕ್ಕೊಮ್ಮೆಯಾ, ಇದನ್ನೆಲ್ಲ ಸಹಿ ಹಾಕುವ ಮೊದಲೇ ಕೇಳಿ. ನಾಚಿಕೊಳ್ಳಬೇಡಿ.

ವೀಸಾಗೆ ಒಂದೂವರೆ ಲಕ್ಷ ಅನ್ನುವ ಏಜೆಂಟ್ ಸಿಕ್ಕರೆ ಎದ್ದು ಬನ್ನಿ. ಇಲ್ಲಿಯ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿ ಖರ್ಚನ್ನು ಕೆಲಸಗಾರರ ತಲೆಗೆ ಕಟ್ಟುವ ಹಾಗಿಲ್ಲ. ಭಾರತದಲ್ಲಿ ನೋಂದಾಯಿತ ಏಜೆಂಟ್ ಕೂಡ ತಗೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನಿಮ್ಮ ಖರ್ಚು ಇರುವುದು ಸರ್ಟಿಫಿಕೇಟು ಅಸಲಿ ಅಂತ ಹಾಕಿಸುವ ಮುದ್ರೆಗಳಿಗೆ. ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ್ದು, ಆಮೇಲೆ ವಿದೇಶಾಂಗ ಇಲಾಖೆಯದ್ದು, ಕೊನೆಗೆ ಯುಎಇ ರಾಯಭಾರ ಕಚೇರಿಯದ್ದು. ಇಲ್ಲಿಯ ಭಾರತೀಯ ಶಾಲೆಗಳು ಶುರುವಾಗುವುದು ಏಪ್ರಿಲ್‌ನಲ್ಲಿ. ಮುದ್ರೆ ಹಾಕಿಸುವ ಕೆಲಸವನ್ನು ಮಾರ್ಚ್‌ವರೆಗೆ ಎಳೆದು, ಆಮೇಲೆ "ಮೇಡಂ, ಸ್ವಲ್ಪ ಪ್ರಿನ್ಸಿಪಾಲರಿಗೆ ಹೇಳಿ" ಅಂತ ನನಗೆ ಫೋನ್ ಮಾಡಬೇಡಿ.