ಐಸ್ಕಸಿ ಸೆಷನ್‌ಗೆ ಎರಡನೇ ಕನೆಕ್ಷನ್: ಎಣಿಕೆ ಎಲ್ಲಿಂದ?

ಐಸ್ಕಸಿ (iSCSI) ಎಂದರೆ ಟಿಸಿಪಿ ನೆಟ್‌ವರ್ಕ್ ಮೇಲೆ ಡಿಸ್ಕ್‌ಗೆ ಸ್ಕಸಿ ಕಮಾಂಡ್ ಕಳಿಸುವ ಪ್ರೋಟೋಕಾಲ್. ಅದರ ಸೆಷನ್ ಒಂದೇ ಕನೆಕ್ಷನ್‌ನಲ್ಲಿ ಓಡುವವರೆಗೆ ಎಣಿಕೆಯ ಹಲವು ತಪ್ಪುಗಳು ಬಯಲಾಗುವುದೇ ಇಲ್ಲ. ಎರಡನೆಯದನ್ನು ಸೇರಿಸಿದಾಗ ಸಿಕ್ಕಿಬೀಳುತ್ತವೆ. ಕಮಾಂಡ್ ಸೀಕ್ವೆನ್ಸ್ ನಂಬರ್ ಇಡೀ ಸೆಷನ್‌ಗೆ ಒಂದೇ. ಸ್ಟೇಟಸ್ ಸೀಕ್ವೆನ್ಸ್ ನಂಬರ್, ಅಂದರೆ ಉತ್ತರಗಳ ಎಣಿಕೆ, ಕನೆಕ್ಷನ್‌ಗೊಂದು. ಕೋಡ್‌ನಲ್ಲಿ ಇವೆರಡನ್ನೂ ಒಂದೇ ಸ್ಟ್ರಕ್ಚರ್‌ನಲ್ಲಿ ಇಟ್ಟಿದ್ದರೆ ಅಲ್ಲಿಂದಲೇ ತೊಂದರೆ ಶುರು.

ಸೆಷನ್ನಿನ ಮುಂದಿನ ಕಮಾಂಡ್ ಸಂಖ್ಯೆ 871 ಎಂದುಕೊಳ್ಳಿ. ಹೊಸ ಕನೆಕ್ಷನ್ನಿನ ಮೊದಲ ಲಾಗಿನ್ ರಿಕ್ವೆಸ್ಟ್ 871 ಅನ್ನೇ ಹೊತ್ತು ಹೋಗಬೇಕು. 0 ಅಲ್ಲ, 1 ಅಲ್ಲ. ಲಾಗಿನ್ ಯಾವಾಗಲೂ ಇಮ್ಮಿಡಿಯೆಟ್ (ಸರದಿಗೆ ಕಾಯದೆ ತಕ್ಷಣ ನಡೆಯುವಂಥದ್ದು) ಆದ್ದರಿಂದ ಆ ಸಂಖ್ಯೆ ಖರ್ಚಾಗುವುದಿಲ್ಲ. ಮುಂದಿನ ಮಾಮೂಲಿ ಕಮಾಂಡ್, ಯಾವ ಕನೆಕ್ಷನ್‌ನಲ್ಲಿ ಹೋದರೂ, ಮತ್ತೆ 871. ಲಾಗಿನ್‌ನಲ್ಲಿ ಗುರುತು ಪರೀಕ್ಷಿಸುವ ಚಾಪ್ (CHAP) ಮಾತುಕತೆ ನಡೆಯುತ್ತಿರುವಾಗಲೇ ಹಳೆಯ ಕನೆಕ್ಷನ್ 871ರಿಂದ 874ರವರೆಗೆ ಕಳಿಸಿಬಿಟ್ಟರೆ, ಮುಂದಿನ ಲಾಗಿನ್ ರಿಕ್ವೆಸ್ಟ್‌ನಲ್ಲಿ 875 ಇರುತ್ತದೆ. ಅದು ಸರಿಯೇ.

ಲಾಗಿನ್ ಆದಮೇಲೆ ಇನಿಷಿಯೇಟರ್ (ಕಮಾಂಡ್ ಕಳಿಸುವ ಕಡೆ) ಸಂಖ್ಯೆಯನ್ನು ಒಂದು ಏರಿಸಿದರೆ 871 ಯಾರಿಗೂ ಸೇರದ ಖಾಲಿ ಜಾಗವಾಗುತ್ತದೆ. ಟಾರ್ಗೆಟ್ (ಡಿಸ್ಕ್ ಇರುವ ಕಡೆ) 872, 873ನ್ನು ಪಡೆದರೂ ಸ್ಕಸಿ ಪದರಕ್ಕೆ ಒಪ್ಪಿಸದೆ 871ಕ್ಕೆ ಕಾಯುತ್ತದೆ. ಎರರ್ ಬರುವುದಿಲ್ಲ. ಇಮ್ಮಿಡಿಯೆಟ್ ನಾಪ್-ಔಟ್‌ಗೆ (ಲಿಂಕ್ ಜೀವಂತವೇ ಎಂದು ಕೇಳುವ ಪಿಂಗ್) ಉತ್ತರ ಬರುತ್ತಲೇ ಇರುವುದರಿಂದ ಲಿಂಕ್ ಚೆನ್ನಾಗಿಯೇ ಇದೆ ಅನ್ನಿಸುತ್ತದೆ, ಐ/ಓ ಮಾತ್ರ ಟೈಮ್‌ಔಟ್. ಪ್ಯಾಕೆಟ್ ನೋಡುವ ವೈರ್‌ಶಾರ್ಕ್‌ನಲ್ಲಿ ಟಾರ್ಗೆಟ್ ನಿರೀಕ್ಷಿಸುವ ಕಮಾಂಡ್ ಸಂಖ್ಯೆ 871ರಲ್ಲೇ ನಿಂತಿದೆಯೇ ನೋಡಿ.

ಟಾರ್ಗೆಟ್ ಕಡೆಯ ತಪ್ಪು ಇನ್ನೂ ಸೂಕ್ಷ್ಮ. ನಿರೀಕ್ಷಿತ ಸಂಖ್ಯೆಯನ್ನು ಮೊದಲ ಕನೆಕ್ಷನ್ನಿನ ಲಾಗಿನ್‌ನಿಂದ ಮಾತ್ರ ಎತ್ತಿಕೊಳ್ಳಬೇಕು. ಪ್ರತಿ ಲಾಗಿನ್‌ಗೂ ಅದನ್ನು ಹೊಸದಾಗಿ ಬರೆದರೆ ಏನಾಗುತ್ತದೆ? ಎರಡು ಟಿಸಿಪಿ ಕನೆಕ್ಷನ್‌ಗಳ ನಡುವೆ ಕ್ರಮದ ಖಾತರಿಯಿಲ್ಲ. 869, 870 ಇನ್ನೂ ದಾರಿಯಲ್ಲಿರುವಾಗ 871ರ ಲಾಗಿನ್ ಮೊದಲು ತಲುಪಬಹುದು. ಆಗ ನಿರೀಕ್ಷೆ 871ಕ್ಕೆ ಜಿಗಿದು, ತಡವಾಗಿ ಬಂದ ಆ ಎರಡು ವಿಂಡೋ (ಆಗ ಸ್ವೀಕರಿಸುವ ಸಂಖ್ಯೆಗಳ ವ್ಯಾಪ್ತಿ) ಹೊರಗಿನವೆಂದು ಸದ್ದಿಲ್ಲದೆ ಕಸಕ್ಕೆ ಹೋಗುತ್ತವೆ. ಲೋಡ್ ಇಲ್ಲದ ಟೆಸ್ಟ್‌ನಲ್ಲಿ ಇದು ಎಂದೂ ಕಾಣದು.

ಸ್ಟೇಟಸ್ ಸಂಖ್ಯೆ ಸುಲಭ. ಹೊಸ ಕನೆಕ್ಷನ್ನಿನ ಮೊದಲ ಲಾಗಿನ್ ರೆಸ್ಪಾನ್ಸ್‌ನಲ್ಲಿ ಟಾರ್ಗೆಟ್ ಕೊಟ್ಟದ್ದೇ ಆರಂಭ. 3000 ಬಂದರೆ, ನೀವು ಮುಂದೆ ನಿರೀಕ್ಷಿಸುವುದು 3001. ಪಕ್ಕದ ಕನೆಕ್ಷನ್ನಿನದನ್ನು ನಕಲು ಮಾಡಬೇಡಿ.

ಗುರುತುಗಳಲ್ಲಿ ಐಎಸ್‌ಐಡಿ (ಇನಿಷಿಯೇಟರ್ ಕೊಡುವ ಸೆಷನ್ ಗುರುತು) ಹಳೆಯದೇ, ಟಿಎಸ್‌ಐಎಚ್ (ಅದೇ ಸೆಷನ್‌ಗೆ ಟಾರ್ಗೆಟ್ ಕಡೆಯ ಗುರುತು) ಟಾರ್ಗೆಟ್ ಕೊಟ್ಟದ್ದು, ಸಿಐಡಿ (ಕನೆಕ್ಷನ್ ಗುರುತು) ಮಾತ್ರ ಹೊಸದು. ಅದೇ ಐಎಸ್‌ಐಡಿ ಜೊತೆ ಅದೇ ಪೋರ್ಟಲ್ ಗುಂಪಿಗೆ (ಟಾರ್ಗೆಟ್‌ನ ವಿಳಾಸಗಳ ಗುಂಪು) ಟಿಎಸ್‌ಐಎಚ್ 0 ಕಳಿಸಿದರೆ ಓಡುತ್ತಿರುವ ಸೆಷನ್ನೇ ಮುಗಿಯುತ್ತದೆ. ಬಳಕೆಯಲ್ಲಿರುವ ಸಿಐಡಿ ಕೊಟ್ಟರೆ ಹಳೆಯ ಕನೆಕ್ಷನ್ ಬೀಳುತ್ತದೆ. ಇಲ್ಲದ ಟಿಎಸ್‌ಐಎಚ್‌ಗೆ ಸ್ಟೇಟಸ್ ಕ್ಲಾಸ್ 2, ಡಿಟೇಲ್ 10 (ಹೆಕ್ಸ್‌ನಲ್ಲಿ 0x0a). ಡಿಟೇಲ್ 6 ಬಂದರೆ ಕನೆಕ್ಷನ್‌ಗಳು ಮಿತಿ ಮೀರಿವೆ: ಮ್ಯಾಕ್ಸ್‌ಕನೆಕ್ಷನ್ಸ್‌ನ ಡೀಫಾಲ್ಟ್ 1, ಅದನ್ನು ಮೊದಲ ಲಾಗಿನ್‌ನಲ್ಲೇ ಏರಿಸಿಕೊಳ್ಳಬೇಕು.

ಅಂದಹಾಗೆ, ಲಿನಕ್ಸ್‌ನ ಓಪನ್-ಐಸ್ಕಸಿ ಸೆಷನ್‌ಗೆ ಒಂದೇ ಕನೆಕ್ಷನ್ ಇಡುತ್ತದೆ. ಅಲ್ಲಿ ಹಲವು ದಾರಿ ಬೇಕಿದ್ದರೆ ಹಲವು ಸೆಷನ್ ತೆರೆದು ಮೇಲೆ ಅವನ್ನು ಒಂದೇ ಡಿಸ್ಕ್ ಆಗಿ ಕೂಡಿಸುವ ಮಲ್ಟಿಪಾತ್ ಹಾಕಬೇಕು. ಇಷ್ಟೆಲ್ಲ ಲೆಕ್ಕ ಬೇಕಾಗುವುದು ಒಂದೇ ಸೆಷನ್‌ನಲ್ಲಿ ಹಲವು ಕನೆಕ್ಷನ್ ಇಡುವವರಿಗೆ.