ಮನೆಯಲ್ಲಿ ಬರ್ಟಿ, ಪಟ್ಟದಲ್ಲಿ ಜಾರ್ಜ್

ನಮ್ಮ ಶಿರಸಿ ಕಡೆ ಮನೆಯಲ್ಲಿ 'ಅಪ್ಪಿ' ಆದವನ ಹೆಸರು ರೇಷನ್ ಕಾರ್ಡಿನಲ್ಲಿ ಬೇರೆಯೇ ಇರುತ್ತದಲ್ಲ, ಬ್ರಿಟಿಷ್ ರಾಜಮನೆತನದಲ್ಲಿ ಅದಕ್ಕೆ ಇನ್ನೊಂದು ಸುತ್ತು ಹೆಚ್ಚು. ನಾಮಕರಣದ ಹೆಸರು, ಮನೆಯ ಹೆಸರು, ಮೇಲೆ ಪಟ್ಟದ ಹೆಸರು. ಆರನೇ ಜಾರ್ಜ್ ಹುಟ್ಟು ಹೆಸರು ಆಲ್ಬರ್ಟ್ ಫ್ರೆಡರಿಕ್ ಆರ್ಥರ್ ಜಾರ್ಜ್, ಮನೆಯವರಿಗೆ ಬರ್ಟಿ. 1936ರಲ್ಲಿ ಅಣ್ಣ ಸಿಂಹಾಸನ ಬಿಟ್ಟು ಹೋದಾಗ, ತಂದೆಯ ಕಾಲವೇ ಮುಂದುವರಿದಂತೆ ಜನಕ್ಕೆ ಅನ್ನಿಸಲಿ ಎಂದು ಕೊನೆಯ ಹೆಸರನ್ನು ಆರಿಸಿಕೊಂಡರು. ಆ ಅಣ್ಣ, ಎಂಟನೇ ಎಡ್ವರ್ಡ್, ಏಳು ಹೆಸರಿನವರು. ಮನೆಯಲ್ಲಿ ಉಳಿದದ್ದು ಏಳನೆಯದು, ಡೇವಿಡ್.

ಹಳೆಯ ಪತ್ರಗಳನ್ನು ಓದುವವರು ಎಡವುವುದು ಬರ್ಟಿಯಲ್ಲೇ. ಏಳನೇ ಎಡ್ವರ್ಡ್ ಕೂಡ ಬರ್ಟಿ! ಮೊದಲು ತಾರೀಖು ನೋಡಿ. ಮೊಮ್ಮಗ ಹುಟ್ಟಿದ 1895ರ ಡಿಸೆಂಬರಿಗೆ ಮುಂಚಿನದಾದರೆ ಅಜ್ಜ ಏಳನೇ ಎಡ್ವರ್ಡ್, ಅಜ್ಜ ತೀರಿಕೊಂಡ 1910ರ ಮೇ ನಂತರದ್ದಾದರೆ ಮೊಮ್ಮಗ ಆರನೇ ಜಾರ್ಜ್. ನಡುವಿನ ವರ್ಷಗಳ ಪತ್ರಕ್ಕೆ ಬರೆದವರು ಯಾರು ಎಂದು ನೋಡಲೇಬೇಕು.

ವಿಕ್ಟೋರಿಯಾ ಚಿಕ್ಕಂದಿನಲ್ಲಿ ಡ್ರೀನಾ; ಅಲೆಕ್ಸಾಂಡ್ರಿನಾ ಎಂಬ ಮೊದಲ ಹೆಸರು 1837ರಲ್ಲಿ ಪಟ್ಟವೇರುತ್ತಲೇ ಬಿಟ್ಟುಹೋಯಿತು. ನನಗೆ ತುಂಬಾ ಇಷ್ಟದ್ದು ಲಿಲಿಬೆಟ್. ಪುಟ್ಟ ಎಲಿಜಬೆತ್ ನಾಲಿಗೆ ಹೊರಳದೆ ತನ್ನ ಹೆಸರನ್ನು ಹಾಗೆ ಹೇಳಿಕೊಂಡಳು. 2021ರಲ್ಲಿ ಹುಟ್ಟಿದ ಮರಿಮಗಳಿಗೆ ಅದನ್ನೇ ದಾಖಲೆಯ ಹೆಸರಾಗಿ ಇಟ್ಟರು.